ಒಳಪೊರೆಯ ಮಡಿಕೆ ಮತ್ತು ಎಟಿಪಿ: ಮೈಟೊಕಾಂಡ್ರಿಯದ ರಚನೆಯ ಮರುಪರಿಶೀಲನೆ

ಮೈಟೊಕಾಂಡ್ರಿಯದ ಒಳಪೊರೆ ಮಡಿಚಿಕೊಂಡಿರುವುದೇಕೆ? ಮೇಲ್ಮೈ ಹೆಚ್ಚಲಿ ಎಂದು ಎನ್ನುತ್ತವೆ ಪಠ್ಯಪುಸ್ತಕಗಳು. ಈ ಉತ್ತರ ತಪ್ಪಲ್ಲ, ಆದರೆ ಸಾಲದು. ಮಡಿಕೆಯ ಆಕಾರವೇ ಶಕ್ತಿ ಉತ್ಪಾದನೆಯಲ್ಲಿ ಪಾಲುಗೊಳ್ಳುತ್ತದೆ. ಆ ಆಕಾರ ಮೂಡುವುದಕ್ಕೆ ಎಟಿಪಿ ತಯಾರಿಸುವ ಕಿಣ್ವವೇ ಬಹುಮಟ್ಟಿಗೆ ಕಾರಣ ಎಂಬುದು ಈ ಲೇಖನದ ವಾದ.

1950ರ ದಶಕದ ಆರಂಭದಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಮಡಿಕೆಗಳನ್ನು ಕಂಡು 'ಕ್ರಿಸ್ಟೆ' ಎಂದು ಹೆಸರಿಟ್ಟರು. ಅಗಲ ಬಾಯಿಯ ಮಡಿಕೆಗಳ ಚಿತ್ರ ಅಲ್ಲಿಂದ ಮುಂದೆ ದಶಕಗಟ್ಟಲೆ ಉಳಿಯಿತು. 1990ರ ದಶಕದ ಎಲೆಕ್ಟ್ರಾನ್ ಟೊಮೋಗ್ರಫಿ ಅದನ್ನು ತಿದ್ದಿತು: ಕ್ರಿಸ್ಟೆಗಳು ಉಳಿದ ಒಳಪೊರೆಗೆ ಸೇರುವುದು ಕಿರಿದಾದ ಕೊರಳುಗಳ ಮೂಲಕ. ಅಂದರೆ ಪ್ರತಿ ಕ್ರಿಸ್ಟೆಯೂ ಹೆಚ್ಚುಕಡಿಮೆ ಒಂದು ಪ್ರತ್ಯೇಕ ಕೋಣೆ.

ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಉಸಿರಾಟದ ಸರಪಳಿ ಒಳಪೊರೆಯಾಚೆ ಪ್ರೋಟಾನುಗಳನ್ನು ತಳ್ಳುತ್ತದೆ. ಅವು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಮರಳುವಾಗಿನ ಬಲದಿಂದ ಎಟಿಪಿ ಹುಟ್ಟುತ್ತದೆ. ಪೊರೆಯ ಎರಡು ಬದಿಗಳ ನಡುವಿನ ವಿದ್ಯುದ್ವಿಭವ ಸುಮಾರು 150 ಮಿಲಿವೋಲ್ಟ್. ಅಲ್ಪವೆನಿಸಬಹುದು, ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್ ಮಾತ್ರವಾದ್ದರಿಂದ ಅಲ್ಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ 3 ಕೋಟಿ ವೋಲ್ಟ್ ಮುಟ್ಟುತ್ತದೆ! ಹಸುವಿನ ಹೃದಯದ ಎಟಿಪಿ ಸಿಂಥೇಸ್‌ನಲ್ಲಿ 8 ಪ್ರೋಟಾನುಗಳು ದಾಟಿದರೆ ಅದರ ತಿರುಗುವ ಚಕ್ರ ಒಂದು ಸುತ್ತು ಮುಗಿಸಿ 3 ಎಟಿಪಿ ಕೊಡುತ್ತದೆ.

ಈ ಕಿಣ್ವ ಒಳಪೊರೆಯಲ್ಲಿ ಒಂಟಿಯಾಗಿರುವುದಿಲ್ಲ. ಎರಡೆರಡು ಜೋಡಿಯಾಗಿ, ತಲೆಗಳನ್ನು ದೂರ ಚಾಚಿ, ಕ್ರಿಸ್ಟೆಯ ಅಂಚಿನುದ್ದಕ್ಕೂ ಸಾಲುಗಟ್ಟುತ್ತದೆ. ಜೋಡಿಯ ಓರೆಯೇ ಪೊರೆಯನ್ನು ಬಾಗಿಸುತ್ತದೆ. ಯೀಸ್ಟ್‌ನಲ್ಲಿ ಜೋಡಣೆಗೆ ಬೇಕಾದ e ಅಥವಾ g ಉಪಘಟಕವನ್ನು ತೆಗೆದುಹಾಕಿದಾಗ ಕಿಣ್ವ ಎಟಿಪಿ ತಯಾರಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಕ್ರಿಸ್ಟೆಗಳು ಹಾಳಾಗಿ, ಒಳಪೊರೆ ಈರುಳ್ಳಿಯಂತೆ ಪದರುಪದರಾಯಿತು. ಮೇಲಿನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ನನಗೆ ಕಾಣದು. ಮಡಿಕೆಯ ಅಂಚಿನಲ್ಲಿ ಪ್ರೋಟಾನುಗಳು ಹೆಚ್ಚು ದಟ್ಟವಾಗಿರುತ್ತವೆ ಎಂಬ ಊಹೆಯೂ ಪ್ರಚಲಿತವಿದೆ. ಪ್ರೋಟಾನುಗಳು ಹರಡುವ ವೇಗವನ್ನು ನೋಡಿದರೆ ಅದನ್ನು ಒಪ್ಪಲು ಇನ್ನೂ ನೇರವಾದ ಅಳತೆಗಳು ಬೇಕು.

ಕೊರಳನ್ನು ಬಿಗಿಯಾಗಿಡುವುದು ಮೈಕಾಸ್ ಸಂಕೀರ್ಣ ಮತ್ತು ಓಪಿಎ1 ಪ್ರೋಟೀನ್. ಓಪಿಎ1 ವಂಶವಾಹಿ ಕೆಟ್ಟರೆ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು ನಶಿಸಿ, ದೃಷ್ಟಿನರ ಸೊರಗುವ ಆನುವಂಶಿಕ ಕಾಯಿಲೆ ಬರುತ್ತದೆ. 2019ರಲ್ಲಿ ಪ್ರಕಟವಾದ ಸಂಶೋಧನೆ ಒಂದೇ ಮೈಟೊಕಾಂಡ್ರಿಯದ ಬೇರೆಬೇರೆ ಕ್ರಿಸ್ಟೆಗಳಲ್ಲಿ ಬೇರೆಬೇರೆ ವಿಭವವಿರಬಹುದೆಂದು ತೋರಿಸಿತು. ಕೊರಳಿನ ಪ್ರೋಟೀನುಗಳನ್ನು ಕೆಡಿಸಿದಾಗ ಆ ವ್ಯತ್ಯಾಸ ಕುಗ್ಗಿತು.