ಜಿರಳೆಯ ಸ್ವಂತ ಊರು

ಸೆಕೆಯ ನಾಡಿನಲ್ಲಿ ಜಿರಳೆ ಹೆಚ್ಚು, ಚಳಿಯ ನಾಡಿನಲ್ಲಿ ಕಡಿಮೆ ಎಂಬುದು ನಾವೆಲ್ಲ ಒಪ್ಪಿಕೊಂಡು ಬಂದಿರುವ ಮಾತು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಷ್ಣವೊಂದೇ ಕಾರಣವಾಗಿದ್ದರೆ ನಮ್ಮ ರಾಜ್ಯದ ಜಿರಳೆಗಳ ರಾಜಧಾನಿ ರಾಯಚೂರೋ ಕಲಬುರಗಿಯೋ ಆಗಬೇಕಿತ್ತು. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ಅಷ್ಟು ಏರುವುದು ಅಪರೂಪ. ಆದರೂ ಸೌದೆಯ ರಾಶಿಯ ಅಡಿಯಲ್ಲಿ, ತೆಂಗಿನ ಸಿಪ್ಪೆಯ ಗುಡ್ಡೆಯಲ್ಲಿ, ಮರದ ಪೊಟರೆಯಲ್ಲಿ, ಅಂದರೆ ಮನೆಯ ಹೊರಗೇ ಜಿರಳೆ ನೆಮ್ಮದಿಯಿಂದ ಸಂಸಾರ ಹೂಡುವುದು ಕರಾವಳಿಯಲ್ಲಿ. ಬಯಲುಸೀಮೆಯ ಬೇಸಿಗೆಯಲ್ಲಿ ಹೊರಗಿಟ್ಟರೆ ಅದು ಉಳಿಯುವುದೇ ಕಷ್ಟ. ಅಮೆರಿಕದಲ್ಲಿಯೂ ಇದೇ ಕಥೆ. ಅರಿಜೋನಾದ ಫೀನಿಕ್ಸ್ ನಗರವೂ ಬಿಸಿ, ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರವೂ ಬಿಸಿ. ಆದರೆ ಒಂದರಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಸೆಂಟಿಮೀಟರ್, ಇನ್ನೊಂದರಲ್ಲಿ ಅದರ ಏಳೆಂಟು ಪಟ್ಟು. ನ್ಯೂ ಆರ್ಲಿಯನ್ಸಿನ ಜಿರಳೆ ತೋಟದಲ್ಲಿಯೂ ಬೀದಿಯಲ್ಲಿಯೂ ಓಡಾಡುತ್ತದೆ. ಫೀನಿಕ್ಸಿನ ಜಿರಳೆಯ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಈ ವ್ಯತ್ಯಾಸದ ಗುಟ್ಟು ಜಿರಳೆಯ ಚರ್ಮದಲ್ಲಿದೆ. ಪ್ರಾಣಿ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಮೈ ದೊಡ್ಡದು. ಹಾಗಾಗಿ ಒಣಗಿಹೋಗುವ ಭಯವೂ ದೊಡ್ಡದು. ಕೀಟಗಳು ಇದನ್ನು ತಡೆಯಲು ಮೈಮೇಲೆ ಮೇಣದಂಥ ತೆಳುಪದರವನ್ನು ಸವರಿಕೊಂಡಿವೆ. ಕೇಂಬ್ರಿಜ್‌ನ ಪ್ರಾಣಿವಿಜ್ಞಾನಿ ಜೆ. ಎ. ರಾಮ್ಸೆ 1935ರಲ್ಲಿ ಜಿರಳೆಯ ಮೈಯಿಂದ ನೀರು ಆವಿಯಾಗುವ ಬಗೆಯನ್ನು ಅಳೆದು ಪ್ರಕಟಿಸಿದರು. ಸುಮಾರು 30 ಡಿಗ್ರಿಯವರೆಗೆ ನೀರಿನ ನಷ್ಟ ಮಂದಗತಿಯಲ್ಲಿ ಏರುತ್ತದೆ. ಅಲ್ಲಿಂದ ಮುಂದೆ ಒಮ್ಮೆಲೇ ಹೆಚ್ಚುತ್ತದೆ. ಆ ಮೇಣದ ಕವಚ ಬಿಸಿಗೆ ಸಡಿಲವಾಗುವುದೇ ಕಾರಣ. 1957ರಲ್ಲಿ ವಿಲ್ಲಿಸ್ ಮತ್ತು ಲೂಯಿಸ್ ಎಂಬ ಸಂಶೋಧಕರು ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅಡುಗೆಮನೆಯ ಚಿಕ್ಕ ಜಿರಳೆಯ ಹೆಣ್ಣಿಗೆ ಅನ್ನವನ್ನೂ ನೀರನ್ನೂ ಕೊಡದಿದ್ದರೆ ಅದು ಬದುಕಿದ್ದು ಸುಮಾರು 12 ದಿನ. ಒಣ ಆಹಾರವನ್ನು ಮಾತ್ರ ಕೊಟ್ಟರೂ ಸುಮಾರು ಅಷ್ಟೇ ದಿನ! ಆಹಾರವಿಲ್ಲದೆ ಬರಿಯ ನೀರು ಕೊಟ್ಟಾಗ ಸುಮಾರು 42 ದಿನ. ರಾತ್ರಿ ಅನ್ನದ ಪಾತ್ರೆಯನ್ನು ಮುಚ್ಚಿಟ್ಟು, ತೊಟ್ಟಿಕ್ಕುವ ನಲ್ಲಿಯನ್ನು ಹಾಗೆಯೇ ಬಿಟ್ಟು ಮಲಗುವವರು ಈ ಲೆಕ್ಕವನ್ನು ಗಮನಿಸಬೇಕು.

ಆದ್ದರಿಂದ ಜಿರಳೆಗೆ ಬೇಕಾದದ್ದು ಬೆಚ್ಚಗಿನ ತೇವ, ಬರಿಯ ಬಿಸಿಯಲ್ಲ. ಪ್ರಕೃತಿಯೇ ಅದನ್ನು ಒದಗಿಸುವ ಕಡೆ ಜಿರಳೆ ಬಯಲಲ್ಲಿ ಬಾಳುತ್ತದೆ. ಒದಗಿಸದ ಕಡೆ?

ಇಲ್ಲಿ ಫೀನಿಕ್ಸ್ ನಗರಕ್ಕೆ ಹಿಂತಿರುಗೋಣ. ಮರುಭೂಮಿಯ ನಡುವಿನ ಆ ಊರಿಗೆ ನದಿಯ ನೀರನ್ನು ಕಾಲುವೆಗಳಲ್ಲಿ ತಂದು, ಮನೆಮನೆಗೆ ಹಂಚಿ, ಬಳಸಿದ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಹೊರಸಾಗಿಸಿದರು. ಆ ಒಳಚರಂಡಿ ವರ್ಷವಿಡೀ ಬೆಚ್ಚಗೆ, ಕತ್ತಲೆಯಾಗಿ, ತೇವವಾಗಿ ಇರುತ್ತದೆ. ಇಷ್ಟು ಸಾಕಲ್ಲವೆ? ದೊಡ್ಡ ಕೆಂಗಂದು ಜಿರಳೆ ಅಲ್ಲಿ ನೆಲೆಯೂರಿತು. 1950ರ ದಶಕದಲ್ಲಿ ಜ್ಯಾಕ್ಸನ್ ಮತ್ತು ಮೇಯರ್ ಎಂಬ ಇಬ್ಬರು ಫೀನಿಕ್ಸಿನ ಮ್ಯಾನ್‌ಹೋಲ್‌ಗಳಲ್ಲಿನ ಜಿರಳೆಗಳಿಗೆ ಗುರುತು ಹಾಕಿ ಬಿಟ್ಟು, ಅವು ಎಲ್ಲೆಲ್ಲಿಗೆ ಹೋಗುತ್ತವೆಂದು ಹಿಂಬಾಲಿಸಿದರು. 1955ರಲ್ಲಿ ಅದರ ವರದಿ ಬಂತು. ಟೆಕ್ಸಾಸಿನ ಟೈಲರ್ ಪಟ್ಟಣದ ಒಳಚರಂಡಿಯಲ್ಲಿಯೂ ಅದೇ ದಶಕದಲ್ಲಿ ಅಧ್ಯಯನ ನಡೆಯಿತು. ಮೇಲೆ ಮರುಭೂಮಿ, ಕೆಳಗೆ ಕರಾವಳಿ! ಬಯಲುಸೀಮೆಯ ಪಟ್ಟಣಗಳ ಬಚ್ಚಲುಮನೆಗಳಲ್ಲಿ ಜಿರಳೆ ಏಕಿದೆ ಎಂಬುದಕ್ಕೂ ಉತ್ತರ ಇದೇ. ಅದು ಬದುಕುವುದು ಅಲ್ಲಿನ ಹವೆಯಲ್ಲಲ್ಲ, ನಾವು ಕಟ್ಟಿಕೊಟ್ಟ ಹವೆಯಲ್ಲಿ.

ಇನ್ನು ಇವು ಎಲ್ಲಿಂದ ಬಂದವೆಂಬ ಪ್ರಶ್ನೆ. ಬಿ.ಎಸ್ಸಿ. ಓದುವಾಗ 'ಪೆರಿಪ್ಲಾನೆಟಾ ಅಮೆರಿಕಾನಾ' ಎಂದು ಬಾಯಿಪಾಠ ಮಾಡಿ, ಮೇಣದ ತಟ್ಟೆಯ ಮೇಲೆ ಅದನ್ನು ಗುಂಡುಸೂಜಿಗಳಿಂದ ಚುಚ್ಚಿ ಕೊಯ್ದವರಲ್ಲಿ ನಾನೂ ಒಬ್ಬ. ಮುಂದೆ ನಾನೇ ಪಾಠ ಹೇಳುವಾಗ, "ಸಾರ್, ಅಮೆರಿಕದ ಜಿರಳೆ ನಮ್ಮೂರಿಗೆ ಹೇಗೆ ಬಂತು?" ಎಂದು ಮಕ್ಕಳು ಕೇಳುತ್ತಿದ್ದರು. ಸೊಗಸಾದ ಪ್ರಶ್ನೆ, ಏಕೆಂದರೆ ಅದು ಅಮೆರಿಕದ್ದೇ ಅಲ್ಲ. ಲಿನೇಯಸ್ 1758ರಲ್ಲಿ ತನಗೆ ದೊರೆತ ಮಾದರಿಯ ಆಧಾರದ ಮೇಲೆ ಆ ಹೆಸರಿಟ್ಟ. ಅದರ ಬಳಗವಿರುವುದು ಆಫ್ರಿಕದಲ್ಲಿ. ಗುಲಾಮರನ್ನು ಹೊತ್ತ ಹಡಗುಗಳು ಪಶ್ಚಿಮ ಆಫ್ರಿಕದಿಂದ ಅಟ್ಲಾಂಟಿಕ್ ದಾಟಿದಾಗ ಅದೂ ದಾಟಿತೆಂದು ಕೀಟವಿಜ್ಞಾನಿ ಜೇಮ್ಸ್ ರೆನ್ 1945ರಲ್ಲಿ ವಿವರಿಸಿದರು. ಮನುಷ್ಯರನ್ನು ಸರಪಳಿಯಲ್ಲಿ ಬಿಗಿದು ಮಾರಿದ ವ್ಯಾಪಾರದ ಸಾಕ್ಷಿಯೊಂದು ಇಂದಿಗೂ ಬಚ್ಚಲಿನಲ್ಲಿ ಮೀಸೆ ಅಲ್ಲಾಡಿಸುತ್ತಿದೆ.

ಮರದ ಹಡಗು ಜಿರಳೆಯ ಪಾಲಿಗೆ ತೇಲುವ ಊರಾಗಿತ್ತು. ಧಾನ್ಯ, ಬೆಲ್ಲ, ಮಸಾಲೆ, ಸಂದಿಗೊಂದಿಗಳಲ್ಲಿ ತೇವ! 1587ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್, ಪೂರ್ವದೇಶಗಳಿಂದ ಲಿಸ್ಬನ್ನಿಗೆ ಮರಳುತ್ತಿದ್ದ 'ಸಾವೊ ಫಿಲಿಪೆ' ಎಂಬ ಪೋರ್ಚುಗೀಸ್ ಹಡಗನ್ನು ಅಜೋರ್ಸ್ ದ್ವೀಪಗಳ ಬಳಿ ಸೆರೆಹಿಡಿದ. ಮಸಾಲೆ ತುಂಬಿದ ಆ ಹಡಗಿನಲ್ಲಿ ರೆಕ್ಕೆಯ ಜಿರಳೆಗಳು ಕಿಕ್ಕಿರಿದಿದ್ದವೆಂದು 1634ರಲ್ಲಿ ಅಚ್ಚಾದ ಥಾಮಸ್ ಮಫೆಟ್‌ನ ಲ್ಯಾಟಿನ್ ಗ್ರಂಥ ಹೇಳುತ್ತದೆ. ಪೋರ್ಚುಗೀಸರು ಮೆಣಸಿನ ಆಸೆಗೆ ನಮ್ಮ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ 1568-69ರಲ್ಲಿ ಕೋಟೆ ಹೂಡಿದ ಕಾಲವದು. ಆ ವ್ಯಾಪಾರದ ಬಲೆಯಲ್ಲಿ ನಮ್ಮ ಕರಾವಳಿಯೂ ಒಂದು ಗಂಟು. ಎರಡು ಶತಮಾನಗಳ ಅನಂತರ, 1789ರಲ್ಲಿ, ತಾಹಿತಿಯಲ್ಲಿ ಲಂಗರು ಹಾಕಿದ್ದ 'ಬೌಂಟಿ' ಹಡಗಿನ ಕಪ್ತಾನ ವಿಲಿಯಂ ಬ್ಲೈ ಪೆಟ್ಟಿಗೆಗಳನ್ನೆಲ್ಲ ದಡಕ್ಕೆ ಸಾಗಿಸಿ, ಜಿರಳೆ ಕೊಲ್ಲಲು ಹಡಗಿನ ಒಳಭಾಗವನ್ನು ಕುದಿನೀರಿನಲ್ಲಿ ತೊಳೆಸಿದ. ಜಪಾನಿನ ನೌಕಾಪಡೆಯಲ್ಲಿ ಒಂದು ಕಾಲಕ್ಕೆ 300 ಜಿರಳೆ ಹಿಡಿದ ನಾವಿಕನಿಗೆ ಒಂದು ದಿನ ದಡಕ್ಕಿಳಿಯುವ ರಜೆ ಸಿಗುತ್ತಿತ್ತಂತೆ. ನಮ್ಮ ಶಾಲೆಗಳಲ್ಲಿ ಇಂಥ ನಿಯಮವಿದ್ದಿದ್ದರೆ ಹಾಜರಿ ಪುಸ್ತಕದ ಗತಿ ಏನಾಗುತ್ತಿತ್ತೋ!

ಅಡುಗೆಮನೆಯ ಚಿಕ್ಕ ಜಿರಳೆಯ ಚರಿತ್ರೆ ಇದಕ್ಕಿಂತಲೂ ಸ್ವಾರಸ್ಯಕರ. ಲಿನೇಯಸ್ 1767ರಲ್ಲಿ ಇದಕ್ಕೆ 'ಜರ್ಮಾನಿಕಾ' ಎಂದು ಹೆಸರಿಟ್ಟ. ರಷ್ಯನ್ನರು ಇದನ್ನು ಕರೆದದ್ದು ಪ್ರಷ್ಯದ ಹುಳುವೆಂದು. ಜರ್ಮನರು ಕರೆದದ್ದು ರಷ್ಯದ ಹುಳುವೆಂದು. 1756ರಿಂದ 1763ರವರೆಗಿನ ಸಪ್ತವಾರ್ಷಿಕ ಯುದ್ಧದಲ್ಲಿ ಎರಡೂ ಕಡೆಯ ಸೈನ್ಯಗಳು ಬೀಡುಬಿಟ್ಟಲ್ಲೆಲ್ಲ ಇದು ಕಾಣಿಸಿತು. ದೂರುವುದಕ್ಕೆ ಎದುರಾಳಿ ಸಿದ್ಧನಿದ್ದ. ಈ ಜಗಳ ಇತ್ಯರ್ಥವಾದದ್ದು 2024ರಲ್ಲಿ. 17 ದೇಶಗಳಿಂದ ತಂದ 281 ಜಿರಳೆಗಳ ವಂಶವಾಹಿಗಳನ್ನು ಹೋಲಿಸಿದ ವಿಜ್ಞಾನಿಗಳು, ಇದು ಸುಮಾರು 2,100 ವರ್ಷಗಳ ಹಿಂದೆ ಭಾರತದಲ್ಲೋ ಮ್ಯಾನ್ಮಾರಿನಲ್ಲೋ ಹೊಲಗದ್ದೆಗಳ ಏಷ್ಯಾ ಜಿರಳೆಯಿಂದ ಕವಲೊಡೆಯಿತೆಂದು ತಿಳಿಸಿದರು. ಮನುಷ್ಯನ ಮನೆಗೆ ಹೊಂದಿಕೊಂಡ ಈ ಜೀವಿ ಸುಮಾರು 1,200 ವರ್ಷಗಳ ಹಿಂದೆ, ಅರಬ್ಬರ ವ್ಯಾಪಾರ ಮತ್ತು ಸಾಮ್ರಾಜ್ಯಗಳು ಹಬ್ಬುತ್ತಿದ್ದ ಕಾಲದಲ್ಲಿ, ಪಶ್ಚಿಮ ಏಷ್ಯಕ್ಕೆ ಹೋಯಿತು. ಸುಮಾರು 390 ವರ್ಷಗಳ ಹಿಂದೆ ಐರೋಪ್ಯ ಕಂಪನಿಗಳ ಹಡಗು ಹತ್ತಿ ಇಂಡೋನೇಷ್ಯದ ಕಡೆಗೆ ತೆರಳಿತು. ಯೂರೋಪ್ ಮುಟ್ಟಿದ್ದು ಸುಮಾರು 270 ವರ್ಷಗಳ ಹಿಂದೆ. ಉಗಿಹಡಗುಗಳ ವೇಗವೂ ಚಳಿದೇಶದ ಮನೆಗಳೊಳಗಿನ ಬೆಚ್ಚನೆಯ ವ್ಯವಸ್ಥೆಯೂ ಕೂಡಿಬಂದ ಮೇಲೆ, ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಜಗತ್ತನ್ನೇ ಹಬ್ಬಿತು. ಕಾಡಿನಲ್ಲಿ ಇದರ ನೆಲೆಯೇ ಇಲ್ಲ. ಮನುಷ್ಯನಿದ್ದಲ್ಲಿ ಮಾತ್ರ ಇದು ಇದೆ. ಹೊರಗಿನ ಹವೆ ಇದಕ್ಕೆ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ.

ಕೊಲ್ಲುವ ಪ್ರಯತ್ನಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಎರಡನೆಯ ಮಹಾಯುದ್ಧದ ಅನಂತರ ಬಂದ ಕ್ಲೋರ್ಡೇನ್ ಎಂಬ ವಿಷಕ್ಕೆ 1950ರ ದಶಕದ ಮೊದಲಲ್ಲೇ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯ ಜಿರಳೆಗಳು ಜಗ್ಗದಾದವು. ಸಿಹಿ ಬೆರೆಸಿದ ವಿಷದ ತುತ್ತನ್ನು ಇಟ್ಟಾಗ, ಗ್ಲೂಕೋಸನ್ನೇ ಕಂಡರಾಗದ ಜಿರಳೆವಂಶಗಳು 1980ರ ದಶಕದಲ್ಲಿ ಬೆಳಕಿಗೆ ಬಂದವು. ಅವುಗಳ ನಾಲಗೆಗೆ ಗ್ಲೂಕೋಸು ಕಹಿಯಾಗಿ ತೋರುತ್ತದೆಂದು 2013ರಲ್ಲಿ ಅಮೆರಿಕದ ಸಂಶೋಧಕರು ಸಿದ್ಧಪಡಿಸಿದರು. ನಾವು ಗೋಡೆಯುದ್ದಕ್ಕೂ ಎಳೆಯುವ ಲಕ್ಷ್ಮಣರೇಖೆಯನ್ನು ಕೆಲವು ಜಿರಳೆಗಳು ರಾವಣನಿಗಿಂತ ಧೈರ್ಯವಾಗಿ ದಾಟುವುದನ್ನು ತಾವೂ ನೋಡಿರಬಹುದು.

ಇಷ್ಟೆಲ್ಲ ಬರೆಯಲು ನನ್ನನ್ನು ಪ್ರೇರಿಸಿದ್ದು ಬೇರೊಂದು ಸಂಗತಿ. ಜಿರಳೆ ಇರುವ ಮನೆಯವರನ್ನು ಕೊಳಕರೆಂದು ಮಾತಾಡುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಸಾಲುಮನೆಗಳಲ್ಲಿ, ವಠಾರಗಳಲ್ಲಿ ಬಾಡಿಗೆಗಿರುವವರು ಈ ಮಾತಿಗೆ ಹೆದರಿ ಜಿರಳೆಯ ವಿಷಯವನ್ನೇ ಬಾಯಿಬಿಡುವುದಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗನ ಚೀಲದಿಂದ ಜಿರಳೆ ಹೊರಬಿದ್ದ ದಿನ ತರಗತಿಯೆಲ್ಲ ನಕ್ಕಿತು. ಅವನು ಮರುದಿನ ಶಾಲೆಗೆ ಬರಲಿಲ್ಲ. ಅವನ ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು, ತನ್ನ ಮನೆಯನ್ನು ಕನ್ನಡಿಯಂತೆ ಇಟ್ಟವರು. ಆದರೆ ಗೋಡೆ ಎಂಟು ಸಂಸಾರಗಳಿಗೆ ಸೇರಿದ್ದು, ಬಚ್ಚಲ ಕೊಳವೆ ಎಂಟು ಸಂಸಾರಗಳದ್ದು, ಆ ಕೊಳವೆಯನ್ನು ದುರಸ್ತಿ ಮಾಡಿಸಬೇಕಾದವರು ಬೇರೆ ಊರಿನಲ್ಲಿದ್ದರು.

ಇದು ಬರಿಯ ಮರ್ಯಾದೆಯ ಪ್ರಶ್ನೆಯೂ ಅಲ್ಲ. 1997ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಂಟು ನಗರಗಳ ಬಡ ಬಡಾವಣೆಗಳ 476 ಆಸ್ತಮಾಪೀಡಿತ ಮಕ್ಕಳ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಜಿರಳೆಯ ಅಲರ್ಜಿಯಿತ್ತು. ಮಲಗುವ ಕೋಣೆಯ ಧೂಳಿನಲ್ಲಿ ಜಿರಳೆಯ ಅಂಶ ಹೆಚ್ಚಿದ್ದ ಅಂಥ ಮಕ್ಕಳು ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಜಿರಳೆ ಸತ್ತ ಮೇಲೂ ಅದರ ಹಿಕ್ಕೆ ಮತ್ತು ಪೊರೆಯ ಪುಡಿ ಧೂಳಿನಲ್ಲಿ ಉಳಿದು ಉಸಿರಿನೊಂದಿಗೆ ಒಳಸೇರುತ್ತದೆ.

ಮಳೆಯೂ ಸೆಕೆಯೂ ಜಿರಳೆಯೂ ಸಮೃದ್ಧವಾಗಿರುವ ಅದೇ ನ್ಯೂ ಆರ್ಲಿಯನ್ಸಿನಲ್ಲಿ ಇನ್ನೊಂದು ಪ್ರಯೋಗ ನಡೆದು 2017ರಲ್ಲಿ ಅದರ ವಿವರ ಹೊರಬಂತು. ಆಸ್ತಮಾ ಇರುವ 102 ಮಕ್ಕಳ ಪೈಕಿ ಒಂದು ಗುಂಪಿನವರ ಮನೆಗಳಲ್ಲಿ, ಜಿರಳೆಯ ಓಡಾಟ ಎಲ್ಲಿದೆಯೆಂದು ನೋಡಿ ಅಲ್ಲಿಗೆ ಮಾತ್ರ ವಿಷದ ತುತ್ತುಗಳನ್ನು ಇಟ್ಟರು. ಮನೆ ಬದಲಿಸಲಿಲ್ಲ, ಹೆತ್ತವರಿಗೆ ಶುಚಿತ್ವದ ಉಪದೇಶ ಕೊಡಲಿಲ್ಲ. ಒಂದು ವರ್ಷದುದ್ದಕ್ಕೂ ಆಗಾಗ ಬಂದು ನೋಡಿದರು. ಆ ಮನೆಗಳಲ್ಲಿ ಜಿರಳೆ ಇಳಿಯಿತು, ಮಕ್ಕಳು ಉಬ್ಬಸದಿಂದ ನರಳಿದ ದಿನಗಳೂ ಕಡಿಮೆಯಾದವು. ಹೊರಗಿನ ಹವಾಮಾನ ಮೊದಲು ಹೇಗಿತ್ತೋ ಹಾಗೆಯೇ ಇತ್ತು.