ಹೆರಿಗೆಯ ದಿನ ಯಾರ ಲೆಕ್ಕ?

ಮುಟ್ಟಿನ ದಿನ ದಾಟಿ ಒಂದೆರಡು ದಿನವಾಗಿದೆ, ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದೆ. ವೈದ್ಯರ ಬಳಿ ಹೋದರೆ ಚೀಟಿಯ ಮೇಲೆ ‘ನಾಲ್ಕು ವಾರ’ ಎಂದು ಬರೆಯುತ್ತಾರೆ. ಗರ್ಭ ಕಟ್ಟಿ ನಿಜವಾಗಿ ಆಗಿರುವುದು ಸುಮಾರು ಎರಡೇ ವಾರ. ಉಳಿದೆರಡು ವಾರ ಆಕೆ ಬಸುರಿಯೇ ಆಗಿರಲಿಲ್ಲ. ಆದರೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಬಸುರಿನ ಎಣಿಕೆ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಪ್ರಯೋಗಾಲಯದಲ್ಲಿ ಅಂಡ ಮತ್ತು ವೀರ್ಯಾಣು ಸೇರಿದ ದಿನಾಂಕ ಪಕ್ಕಾ ಗೊತ್ತಿರುವ ಐವಿಎಫ್ ಗರ್ಭಕ್ಕೂ ಅದೇ ಕ್ರಮ. ಆ ದಿನದಿಂದ 14 ದಿನ ಹಿಂದೆ ಹೋಗಿ, ಅಲ್ಲೊಂದು ಕಾಲ್ಪನಿಕ ಮುಟ್ಟನ್ನು ಇಟ್ಟುಕೊಂಡು, ಅಲ್ಲಿಂದ 280 ದಿನ ಎಣಿಸುತ್ತಾರೆ.

ಇದಕ್ಕೆ ಕಾರಣ ಸರಳ. ಗರ್ಭ ನಿಂತ ಕ್ಷಣವನ್ನು ಯಾರೂ ಕಾಣರು, ಮುಟ್ಟು ಎಲ್ಲ ಹೆಂಗಸರಿಗೂ ಕಾಣುತ್ತದೆ. ನಮ್ಮ ಹಳೆಯ ಮನೆಗಳಲ್ಲಂತೂ ಅದು ಆಕೆಯೊಬ್ಬಳ ಗುಟ್ಟಾಗಿರಲಿಲ್ಲ. ಮೂರು ದಿನ ಹೊರಗೆ ಕೂತರೆ ಅತ್ತೆ, ನಾದಿನಿ, ಬಾವಿಕಟ್ಟೆಗೆ ಬಂದ ಪಕ್ಕದ ಮನೆಯವರು ಎಲ್ಲರಿಗೂ ಗೊತ್ತು. ‘ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹೊರಗಾಗಿದ್ದಳು, ಆಮೇಲೆ ಆಗಿಲ್ಲ’ ಎಂದು ನೆನಪಿಡಲು ನಾಲ್ಕಾರು ತಲೆಗಳಿರುತ್ತಿದ್ದವು. ಹೊರಗೆ ಕೂರಿಸುವ ಪದ್ಧತಿಯನ್ನು ಸಮರ್ಥಿಸುವ ಮನಸ್ಸು ನನಗಿಲ್ಲ, ಆದರೆ ಅದು ತನಗೇ ತಿಳಿಯದಂತೆ ಒಂದು ದಾಖಲೆಯನ್ನು ಇಡುತ್ತಿತ್ತು ಎಂಬುದು ನಿಜ. ಆ ಎಣಿಕೆಯ ಮೇಲೇ ಕುಬುಸ, ಸೀಮಂತ, ತವರಿಗೆ ಕರೆದೊಯ್ಯುವ ದಿನ ಎಲ್ಲವೂ ನಿಂತಿರುತ್ತಿತ್ತು.

‘ನವಮಾಸ’ ಎಂಬ ಮಾತನ್ನೂ ಸ್ವಲ್ಪ ಗಮನಿಸಬೇಕು. ಒಂದು ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಒಂಬತ್ತು ಚಾಂದ್ರಮಾಸಕ್ಕೆ 266 ದಿನ. ಇಂದಿನ ಪುಸ್ತಕಗಳು ಗರ್ಭ ಕಟ್ಟಿದಂದಿನಿಂದ ಹೆರಿಗೆಯವರೆಗೆ ಕೊಡುವ ಸರಾಸರಿ ಕೂಡ 266. ಇಷ್ಟು ಹೊಂದಿಕೆಯಾಯಿತೆಂದು ಹಿರಿಯರಿಗೆ ಎಲ್ಲ ತಿಳಿದಿತ್ತು ಎನ್ನಲು ಹೊರಡುವುದು ಬೇಡ. ಚರಕ ಸಂಹಿತೆ ಹೆರಿಗೆಯ ಕಾಲವನ್ನು ಒಂಬತ್ತನೆಯ ತಿಂಗಳು ಹಿಡಿದದ್ದರಿಂದ ಹತ್ತರವರೆಗೆ ಎನ್ನುತ್ತದೆ, ಸುಶ್ರುತ ಸಂಹಿತೆ ಇನ್ನೂ ಉದಾರವಾಗಿ ಹನ್ನೆರಡರವರೆಗೂ ಬಿಡುತ್ತದೆ. ಎರಡೂ ಕೊಡುವುದು ಒಂದು ಅವಧಿಯನ್ನು. ಒಂದೇ ಒಂದು ದಿನಾಂಕವನ್ನು ಹೆಸರಿಸುವ ಆಸೆ ಆಮೇಲಿನದು.

ಆ ಆಸೆಗೆ ಸೂತ್ರ ಕೊಟ್ಟವರು ಯುರೋಪಿನ ಇಬ್ಬರು. ಲೈಡನ್‌ನಲ್ಲಿ ವೈದ್ಯ ಕಲಿಸುತ್ತಿದ್ದ ಹರ್ಮನ್ ಬೂರ್ಹಾವೆ 1738ರಲ್ಲಿ ತೀರಿಕೊಂಡ. ಅವನ ಪಾಠಗಳು 1744ರಲ್ಲಿ ಅಚ್ಚಾದವು. ಹೆಂಗಸರು ಹೆಚ್ಚಾಗಿ ಮುಟ್ಟು ಕಳೆದ ಮೊದಲ ವಾರದಲ್ಲೇ ಗರ್ಭ ಧರಿಸುತ್ತಾರೆ, ಆದ್ದರಿಂದ ಕೊನೆಯ ಮುಟ್ಟಿಗೆ ಒಂದು ವಾರ ಸೇರಿಸಿ ಒಂಬತ್ತು ತಿಂಗಳು ಎಣಿಸಿ ಎಂಬುದು ಅವನ ಮಾತು. ಹೈಡೆಲ್‌ಬರ್ಗ್‌ನ ಪ್ರಸೂತಿ ಪ್ರಾಧ್ಯಾಪಕ ಫ್ರಾಂಟ್ಸ್ ನೇಗೆಲ (1778–1851) ಸೂಲಗಿತ್ತಿಯರಿಗಾಗಿ ಬರೆದ ಪಠ್ಯದಲ್ಲಿ ಅದನ್ನೇ ಇನ್ನಷ್ಟು ಸುಲಭ ಮಾಡಿದ. ಮೂರು ತಿಂಗಳು ಹಿಂದೆ ಹೋಗು, ಏಳು ದಿನ ಸೇರಿಸು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ನೇಗೆಲನ ನಿಯಮ ಎಂಬ ಇದನ್ನೇ.

ಗಮನಿಸಿ, ಬೂರ್ಹಾವೆ ಇದನ್ನು ಹೇಳುವಾಗ ಸಸ್ತನಿಗಳ ಅಂಡಾಣುವನ್ನು ಯಾರೂ ಕಂಡಿರಲಿಲ್ಲ. ಫಾನ್ ಬೇರ್ ಅದನ್ನು ನಾಯಿಯಲ್ಲಿ ಕಂಡದ್ದು 1827ರಲ್ಲಿ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂದು ಜಪಾನಿನ ಒಗಿನೊ ಮತ್ತು ಆಸ್ಟ್ರಿಯದ ಕ್ನೌಸ್ ತೋರಿಸಿದ್ದು 1920ರ ದಶಕದಲ್ಲಿ. ಅಂದರೆ ಬೂರ್ಹಾವೆಯ ಕಾರಣ ತಪ್ಪು, ಉತ್ತರ ಮಾತ್ರ ಹೆಚ್ಚುಕಡಿಮೆ ಸರಿ. ಅದರಲ್ಲೂ ಅವನು ಹೇಳಿದ್ದು ಮುಟ್ಟಿನ ಮೊದಲ ದಿನದಿಂದಲೋ ಕೊನೆಯ ದಿನದಿಂದಲೋ ಎಂಬುದು ಸ್ಪಷ್ಟವಿರಲಿಲ್ಲ. ಮೊದಲ ದಿನ ಎಂಬುದು ರೂಢಿಯಾಗಿ ಬಂತು. ಕ್ಯಾಲೆಂಡರಿನ ತಿಂಗಳುಗಳೂ ಸಮವಲ್ಲ. ಜನವರಿ 1ಕ್ಕೆ ಈ ನಿಯಮ ಹಚ್ಚಿದರೆ ಅಕ್ಟೋಬರ್ 8, ಅಲ್ಲಿಗೆ 280 ದಿನ. ಮೇ 1ಕ್ಕೆ ಹಚ್ಚಿದರೆ ಫೆಬ್ರವರಿ 8, ಅದು 283. 1990ರಲ್ಲಿ ಅಮೆರಿಕದ ಬಿಳಿಯ ಮಹಿಳೆಯರ ದಾಖಲೆ ನೋಡಿದ ಮಿಟ್ಟೆನ್‌ಡಾರ್ಫ್ ಮತ್ತು ಸಂಗಡಿಗರಿಗೆ ಚೊಚ್ಚಲ ಬಸುರು ಈ 280ನ್ನು ದಾಟಿ ಸುಮಾರು ಎಂಟು ದಿನ ಮುಂದೆ ಹೋಗುವುದು ಕಂಡಿತು.

ಇಷ್ಟೆಲ್ಲ ಸಡಿಲವಿದ್ದರೂ ನಿಯಮ ಉಳಿಯಿತು, ಏಕೆಂದರೆ ಅದಕ್ಕೆ ಬೇಕಾದದ್ದು ಒಂದೇ, ಆಕೆಯ ಉತ್ತರ. ವೈದ್ಯರು ಅದನ್ನು ಪೂರ್ತಿ ನಂಬುತ್ತಿರಲಿಲ್ಲ, ನಂಬದೆ ಬೇರೆ ದಾರಿಯೂ ಇರಲಿಲ್ಲ.

ದಾರಿ ಬಂದದ್ದು ಹಡಗು ಕಟ್ಟುವ ಊರಿನಿಂದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿದ್ದು ರಾಡಾರ್ ಪರಿಚಯ ಮಾಡಿಕೊಂಡಿದ್ದ ಇಯಾನ್ ಡೊನಾಲ್ಡ್ 1954ರಲ್ಲಿ ಗ್ಲಾಸ್ಗೋದಲ್ಲಿ ಪ್ರಸೂತಿ ಪ್ರಾಧ್ಯಾಪಕನಾದ. ಹತ್ತಿರದ ರೆನ್‌ಫ್ರೂನಲ್ಲಿ ಬಾಯ್ಲರ್ ತಯಾರಿಸುವ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿ ಲೋಹದೊಳಗಿನ ಬಿರುಕು ಹುಡುಕಲು ಶ್ರವಣಾತೀತ ಧ್ವನಿ ಬಳಸುತ್ತಿತ್ತು. 1955ರ ಜುಲೈನಲ್ಲಿ ಡೊನಾಲ್ಡ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಎರಡು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಅಲ್ಲಿಗೆ ಹೋದ. ಹೋಲಿಸಿ ನೋಡಲು ಕಂಪನಿಯವರು ಒಂದು ದೊಡ್ಡ ಮಾಂಸದ ತುಂಡು ತರಿಸಿಟ್ಟಿದ್ದರು. ನೀರು ತುಂಬಿದ ಗಡ್ಡೆಯೂ ಗಟ್ಟಿ ಗಡ್ಡೆಯೂ ಪರದೆಯ ಮೇಲೆ ಬೇರೆಬೇರೆಯಾಗಿ ಕಂಡವು. ಕೆಲ್ವಿನ್ ಹ್ಯೂಸ್ ಕಂಪನಿಯ ಎಳೆಯ ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕರ್ ಜೊತೆಗೂಡಿ, ಮೂವರ ಲೇಖನ 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು.

ಎಳೆಯ ಬಸುರು ಮಾತ್ರ ಸುಲಭಕ್ಕೆ ಕಾಣುತ್ತಿರಲಿಲ್ಲ. ಕಿಬ್ಬೊಟ್ಟೆಯ ಮೂಳೆಯ ಹಿಂದೆ, ಗಾಳಿ ತುಂಬಿದ ಕರುಳಿನ ಮರೆಯಲ್ಲಿ ಗರ್ಭಕೋಶ ಅಡಗಿರುತ್ತದೆ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಸರಿಸಿ ಕಿಟಕಿಯಂತಾಗುತ್ತದೆ ಎಂಬುದು ಹೊಳೆದದ್ದು 1963ರಲ್ಲಿ. ಸ್ಕ್ಯಾನಿಂಗ್ ಕೇಂದ್ರದ ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು, ಕಾಲು ಬಿಗಿಹಿಡಿದು ಕಾದವರೆಲ್ಲ ಗ್ಲಾಸ್ಗೋದ ಆ ಉಪಾಯದ ಫಲಾನುಭವಿಗಳು. ಹತ್ತು ವರ್ಷದ ಬಳಿಕ, 1973ರಲ್ಲಿ, ಅಲ್ಲಿನ ಕ್ವೀನ್ ಮದರ್ಸ್ ಆಸ್ಪತ್ರೆಯಲ್ಲಿದ್ದ ಹ್ಯೂ ರಾಬಿನ್ಸನ್ ಭ್ರೂಣವನ್ನು ನೆತ್ತಿಯಿಂದ ಪೃಷ್ಠದವರೆಗೆ ಅಳೆಯುವ ಕ್ರಮ ಪ್ರಕಟಿಸಿದ. ಏಳು ವಾರಕ್ಕೆ ಅದು ಸುಮಾರು ಒಂದು ಸೆಂಟಿಮೀಟರ್, ಹದಿನಾಲ್ಕಕ್ಕೆ ಎಂಟಕ್ಕೂ ತುಸು ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಉಳ್ಳವರ ಕೂಸು, ಇಲ್ಲದವರ ಕೂಸು, ಎತ್ತರದವರದು, ಕುಳ್ಳರದು, ಎಲ್ಲವೂ ಬಹುತೇಕ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಮೇಲೆ ದಾರಿಗಳು ಕವಲೊಡೆಯುತ್ತವೆ. ಆದ್ದರಿಂದಲೇ ದಿನ ನಿಗದಿಗೆ ಮೊದಲ ಸ್ಕ್ಯಾನ್‌ಗೆ ಇರುವ ಬೆಲೆ ಏಳನೆಯ ತಿಂಗಳ ಸ್ಕ್ಯಾನ್‌ಗೆ ಇಲ್ಲ. 1975ರಲ್ಲಿ ರಾಬಿನ್ಸನ್ ಮತ್ತು ಫ್ಲೆಮಿಂಗ್ ಲೆಕ್ಕ ಹಾಕಿದಂತೆ ಒಂದೇ ಅಳತೆಯಿಂದ ಗರ್ಭದ ವಯಸ್ಸು ಹೆಚ್ಚೆಂದರೆ 4.7 ದಿನ ಆಚೀಚೆ ಸಿಗುತ್ತಿತ್ತು, ನೂರರಲ್ಲಿ 95 ಸಲ.

ಅಲ್ಲಿಂದ ಮುಂದೆ ಮಾತಿನ ತೂಕ ಬದಲಾಯಿತು. ಅಮೆರಿಕದ ಪ್ರಸೂತಿ ವೈದ್ಯರ ಸಂಘದ ಸೂಚನೆಯಂತೆ, ಒಂಬತ್ತು ವಾರದೊಳಗೆ ಸ್ಕ್ಯಾನ್ ಮತ್ತು ಆಕೆಯ ಲೆಕ್ಕದ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಆಕೆಯ ಲೆಕ್ಕ ಬಿಟ್ಟು ಸ್ಕ್ಯಾನ್ ಹಿಡಿಯಬೇಕು. ಇದು ವೈದ್ಯಕೀಯವಾಗಿ ಸರಿಯಾದ ಸಲಹೆ. ಮುಟ್ಟು ಎಲ್ಲರಿಗೂ 28 ದಿನಕ್ಕೊಮ್ಮೆ ಬರುವುದಿಲ್ಲ, ದಿನಾಂಕ ಎಲ್ಲರಿಗೂ ನೆನಪಿರುವುದಿಲ್ಲ. ಆದರೆ ರಾಬಿನ್ಸನ್ ತನ್ನ ಅಳತೆಗೋಲಿಗೆ ಗೆರೆ ಎಳೆದದ್ದು ಯಾವುದರ ಮೇಲೆ? ಮುಟ್ಟು ಕ್ರಮವಾಗಿದ್ದು ಕೊನೆಯ ದಿನಾಂಕವನ್ನು ಖಚಿತವಾಗಿ ಹೇಳಬಲ್ಲ ಗ್ಲಾಸ್ಗೋದ ಹೆಂಗಸರ ಮಾತಿನ ಮೇಲೆ. ಇಂತಿಷ್ಟು ಮಿಲಿಮೀಟರ್ ಅಂದರೆ ಇಂತಿಷ್ಟು ದಿನ ಎಂದು ಯಂತ್ರಕ್ಕೆ ಕಲಿಸಿದವರು ಅವರು. ಇವತ್ತು ಪುಣೆಯಲ್ಲೋ ಚೆನ್ನೈಯಲ್ಲೋ ಒಬ್ಬಳ ನೆನಪನ್ನು ಸ್ಕ್ಯಾನ್ ತಿದ್ದಿದರೆ, ತಿದ್ದುತ್ತಿರುವುದು ಇನ್ನೊಬ್ಬಳ ನೆನಪು ಎಂದೇ ನನಗೆ ಅನ್ನಿಸುತ್ತದೆ.

ನಮ್ಮ ದೇಶದಲ್ಲಿ ಈ ಲೆಕ್ಕ ಆಸ್ಪತ್ರೆಯಲ್ಲೇ ಮುಗಿಯುವುದಿಲ್ಲ. 1971ರ ಗರ್ಭಪಾತ ಕಾಯ್ದೆ 20 ವಾರದ ಗಡಿ ಹಾಕಿತ್ತು, 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಅದನ್ನು 24ಕ್ಕೆ ಏರಿಸಿತು. ಹೀಗಾಗಿ ಒಂದು ವಾರ ಆಚೀಚೆ ಎಂಬುದು ಕಾನೂನಿನ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದವಳು ಎರಡು ಮಕ್ಕಳ ತಾಯಿ. ಎರಡನೆಯ ಕೂಸಿಗೆ ಇನ್ನೂ ಹಾಲೂಡಿಸುತ್ತಿದ್ದಳು, ಬಾಣಂತನದ ನಂತರದ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಳು. ಹಾಲೂಡಿಸುವಾಗ ಮುಟ್ಟು ನಿಂತಿರುವುದು ಸಹಜವಾದ್ದರಿಂದ ಮತ್ತೆ ಬಸುರಾದದ್ದು ತಿಳಿದೇ ಇರಲಿಲ್ಲ. ಲೆಕ್ಕ ಶುರು ಮಾಡಲು ಆಕೆಗೊಂದು ದಿನಾಂಕವೇ ಇರಲಿಲ್ಲ. ಮೊದಲು ಇಬ್ಬರು ನ್ಯಾಯಮೂರ್ತಿಗಳು ಒಪ್ಪಿದರು, ಮರುವಿಚಾರಣೆಯಲ್ಲಿ ಅವರಲ್ಲೇ ಭಿನ್ನಮತ ಬಂತು, ಅಕ್ಟೋಬರ್ 16ರಂದು ಮೂವರ ಪೀಠ ಗರ್ಭಪಾತಕ್ಕೆ ಅನುಮತಿ ನಿರಾಕರಿಸಿತು. ಆಗ ಗರ್ಭಕ್ಕೆ 26 ವಾರ ದಾಟಿತ್ತು.

ಸ್ಕ್ಯಾನ್ ಬೇಗ ಆಗಿದ್ದರೆ ಎನ್ನುವುದು ಸುಲಭ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೊದಲ ಮೂರು ತಿಂಗಳಲ್ಲಿ ಯಾವುದಾದರೂ ತಪಾಸಣೆಗೆ ಹೋದ ತಾಯಂದಿರು ನೂರಕ್ಕೆ ಎಪ್ಪತ್ತು. ಉಳಿದವರು ಬರುವುದು ಭ್ರೂಣದ ಅಳತೆಗಳು ಕವಲೊಡೆದ ಮೇಲೆ. ಆಗ ಬಹುಪಾಲು ಬಳಸುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಹ್ಯಾಡ್‌ಲಾಕ್ 1984ರಲ್ಲಿ ಅಲ್ಲಿನ ಗರ್ಭಿಣಿಯರಿಂದ ತೆಗೆದ ಸೂತ್ರವನ್ನು. ಮದ್ರಾಸ್ ಐಐಟಿ ಮತ್ತು ಫರಿದಾಬಾದಿನ ಟಿಎಚ್‌ಎಸ್‌ಟಿಐ ಸೇರಿ, ಗುರುಗ್ರಾಮದ ಸರ್ಕಾರಿ ಆಸ್ಪತ್ರೆಗೆ ಬಂದ ಗರ್ಭಿಣಿಯರ ಅಳತೆಗಳಿಂದ ‘ಗರ್ಭಿಣಿ-ಜಿಎ2’ ಎಂಬ ಸೂತ್ರವನ್ನು 2024ರಲ್ಲಿ ಪ್ರಕಟಿಸಿದವು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ತಪ್ಪನ್ನು ಸುಮಾರು ಮೂರು ಪಟ್ಟು ಇಳಿಸುತ್ತದೆ ಎಂಬುದು ಸಂಶೋಧಕರ ಮಾತು. ಅದನ್ನು ಒರೆಹಚ್ಚಲು ಅವರು ಬಳಸಿದ್ದು ಅದೇ ಹೆಂಗಸರ ಮೊದಲ ತಿಂಗಳುಗಳ ಸ್ಕ್ಯಾನನ್ನು.

ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಬಸುರಿಯ ಮನೆಗೆ ಬಂದಾಗ ತುಂಬಿಸುವ ತಾಯಿ ಕಾರ್ಡಿನಲ್ಲಿ, ಹೆರಿಗೆಯ ದಿನಾಂಕ ಬರೆಯಬೇಕಾದರೆ ಮೊದಲು ಕೇಳುವುದು ಕೊನೆಯ ಸಲ ಹೊರಗಾದದ್ದು ಯಾವಾಗ ಎಂದು. ಹಬ್ಬ, ಜಾತ್ರೆ, ಅಮಾವಾಸ್ಯೆ ಹಿಡಿದು ಇಬ್ಬರೂ ಬೆರಳು ಮಡಚುತ್ತಾರೆ.