ಎತ್ತರದವನ ಜಾಗ

ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿದ್ದ ಕ್ರಮ ಬಲು ಸರಳ. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಉದ್ದವಾದವನನ್ನು ಸೆಂಟರ್ ಮಾಡುವುದು. ಕುಳ್ಳನಾದ ನನ್ನ ಪಾಲಿಗೆ ಬಂದದ್ದು ನೀರಿನ ಕೊಡ ಕಾಯುವ ಕೆಲಸ. ಆ ನೋವೇ ಮುಂದೆ ಈ ಆಟದ ಚರಿತ್ರೆಯನ್ನು ಓದಿಸಿತು.

ಮೊದಲಿಗೆ ಮೇಷ್ಟ್ರೇ ಸರಿ ಎನಿಸಿತು. ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ 1957ರಿಂದ 1969ರವರೆಗಿನ 13 ಋತುಗಳಲ್ಲಿ 11 ಸಲ ಎನ್‌ಬಿಎ ಪ್ರಶಸ್ತಿ ಗೆದ್ದಿತು. ಅದರ ಸೆಂಟರ್ ಬಿಲ್ ರಸೆಲ್. ಆದರೆ ಅವನಿಗಿಂತ ಎತ್ತರದ ಸೆಂಟರ್ ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ. ಆ ವರ್ಷದ ಪ್ರಶಸ್ತಿಯೂ ಬಾಸ್ಟನ್‌ಗೇ ಹೋಯಿತು. ರಸೆಲ್ ಎದುರಾಳಿಯ ಚೆಂಡು ತಡೆದು, ಓಡುವ ಜೊತೆಗಾರರಿಗೆ ದಾಟಿಸುತ್ತಿದ್ದ.

1980ರ ಫೈನಲ್‌ನ ಆರನೆಯ ಪಂದ್ಯಕ್ಕೆ ಲೇಕರ್ಸ್‌ನ ಸೆಂಟರ್ ಕರೀಂ ಅಬ್ದುಲ್ ಜಬ್ಬಾರ್ ಕಾಲು ನೋವಿನಿಂದ ಬರಲಿಲ್ಲ. ಚೆಂಡು ಹಂಚುವ ಗಾರ್ಡ್, 20ರ ಹರೆಯದ ಮ್ಯಾಜಿಕ್ ಜಾನ್ಸನ್, ಆ ಜಾಗದಲ್ಲಿ ನಿಂತು ಆಟ ಶುರು ಮಾಡಿ, 42 ಅಂಕ ಗಳಿಸಿ, ಪ್ರಶಸ್ತಿ ತಂದುಕೊಟ್ಟ. 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಸೆಂಟರ್ ಸ್ಯಾಮ್ ಬೋವಿಯನ್ನು ಆರಿಸಿಕೊಂಡು ಗಾರ್ಡ್ ಮೈಕೆಲ್ ಜೋರ್ಡನ್‌ನನ್ನು ಬಿಟ್ಟಿತು. ಅವನು 1991ರಿಂದ 1998ರೊಳಗೆ ಶಿಕಾಗೋಕ್ಕೆ 6 ಪ್ರಶಸ್ತಿ ಗೆದ್ದುಕೊಟ್ಟ.

ಉಳಿದ ನಾಲ್ವರ ಆಟವನ್ನು ಹಗುರ ಮಾಡುವವನು ಎಲ್ಲಿ ನಿಂತಿರುತ್ತಾನೋ ಅದೇ ದೊಡ್ಡ ಜಾಗ ಎಂದು ಈಗ ನನಗನಿಸುತ್ತದೆ. ನಮ್ಮ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅಂದಿನ ಸೆಂಟರ್ ಈಚೆಗೆ ಸಿಕ್ಕಾಗ ನಕ್ಕು ಹೇಳಿದ: "ಬುಟ್ಟಿ ಕೆಳಗೆ ನಿಂತೇ ಇದ್ದೆ ಕಣೋ, ಚೆಂಡು ಕೊಡೋರೇ ಇರಲಿಲ್ಲ."